ಮಾರ್ಗದರ್ಶಕರ ಸಲಹೆ

ಕೆಲಸಕ್ಕೆ ಸೇರಿದ ಕಿರಿಯರಿಗೆ ದಾರಿ ತೋರಿಸಲೆಂದು ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದವರು ಒಬ್ಬೊಬ್ಬ ಹಿರಿಯರನ್ನು ಗೊತ್ತುಮಾಡಿದರು. ತಬಸ್ಸುಮ್ ಪಾಲಿಗೆ ಬಂದವರು ನೂರಾರು ಜನ ದುಡಿಯುವ ಕಂಪನಿಯೊಂದರ ಮ್ಯಾನೇಜರ್ ಸದಾಶಿವ ಪೈ.

ಪೈಯವರು ಪ್ರತಿ ಭಾನುವಾರ ಫೋನ್ ಮಾಡಿ ತಾವು ಮೇಲೆ ಬಂದ ಕಥೆ ಹೇಳುತ್ತಿದ್ದರು. ಅದು ಮುಗಿಯುವಷ್ಟರಲ್ಲಿ ಅವಳ ಎದುರಿಗಿದ್ದ ಕಾಫಿ ಆರಿರುತ್ತಿತ್ತು. ಅವಳು "ಹೌದು ಸರ್" ಅನ್ನುತ್ತಿದ್ದಳು. ಇಂಥ ವಿಧೇಯ ಶಿಷ್ಯೆ ಸಿಕ್ಕಿದಳೆಂದು ಅವರು ಒಳಗೊಳಗೇ ಬೀಗಿದರು. ಅವಳ ವಿಷಯ ಕೇಳಲು ಮಾತ್ರ ಪುರುಸೊತ್ತಾಗಿರಲಿಲ್ಲ.

ಒಂದು ಭಾನುವಾರ ಅವಳೇ ಬಾಯಿಬಿಟ್ಟಳು.

"ಸರ್, ನಮ್ಮ ಬಾಸ್ ಯಾರಿಗೂ ಮಾತಾಡೋಕೇ ಬಿಡಲ್ಲ. ನಾವು ಮಾಡಿದ ಕೆಲಸಾನೆಲ್ಲ ತಮ್ಮದೇ ಅಂತ ಹೇಳ್ಕೋತಾರೆ."

ಪೈಯವರ ರಕ್ತ ಕುದಿಯಿತು. "ಅಂಥವರನ್ನ ಸುಮ್ನೆ ಬಿಡಬಾರದಮ್ಮ. ನೇರವಾಗಿ ಎಂ.ಡಿ. ಹತ್ರಾನೇ ಹೋಗು. ಹೆದರ್ಬೇಡ, ನಿನ್ನ ಹಿಂದೆ ನಾನಿದೀನಿ."

ಮುಂದಿನ ಭಾನುವಾರ ಅವಳು ಫೋನ್ ಎತ್ತಿದವಳೇ, "ಹೋಗಿ ಎಲ್ಲಾನೂ ಹೇಳಿದೆ ಸರ್" ಅಂದಳು.

"ಭೇಷ್. ನನ್ನ ಶಿಷ್ಯೆ ಅಂದ್ರೆ ಹೀಗಿರ್ಬೇಕು. ಎಂ.ಡಿ. ಏನಂದ್ರು?"

"ನಾಳೆ ಹತ್ತು ಗಂಟೆಗೆ ನಮ್ಮಿಬ್ಬರನ್ನೂ ನಿಮ್ಮ ಕ್ಯಾಬಿನ್ ಪಕ್ಕದ ಮೀಟಿಂಗ್ ರೂಮಿಗೆ ಬರೋಕೆ ಹೇಳಿದಾರೆ ಸರ್. ನಿಮಗಿನ್ನೂ ಫೋನ್ ಬಂದಿಲ್ವಾ?"