ದೋಣಿಯವನ ಪಾಪನಿವೇದನೆ

ಮುದಿ ಫಾದರ್‌ಗೆ ಕಿವಿ ಕೇಳಿಸುತ್ತಿರಲಿಲ್ಲ. ಅದಕ್ಕೇ ಹಬ್ಬದ ಬೆಳಿಗ್ಗೆ ಪಾಪನಿವೇದನೆಗೆ ಅವರ ಮುಂದೆಯೇ ಉದ್ದನೆಯ ಸಾಲು.

“ನೀನೂ ಈ ಸಾಲಿಗೇ ಬಂದ್ಯಾ ಇನ್ನಾಸಪ್ಪ? ಪಾಪ ದೊಡ್ಡದೇ ಇರ್ಬೇಕು!” ಹಿಂದೆ ನಿಂತವನು ಕಿಚಾಯಿಸಿದ.

ದೋಣಿ ನಡೆಸುವ ಇನ್ನಾಸಪ್ಪ ನಗಲಿಲ್ಲ. ಮಂಡಿಯೂರಿ, ಫಾದರ್ ಕೂತಿದ್ದ ಗೂಡಿನ ಜಾಲರಿಯ ಹತ್ತಿರ ಬಾಗಿದ.

“ಸ್ವಾಮಿ, ದೋಣಿ ತಳ ಬಿರುಕು ಬಿಟ್ಟೈತೆ. ಡಾಂಬರು ಮೆತ್ತಿ ಮುಚ್ಚಿವ್ನಿ. ಆಚೆ ದಡದ ಪೂಜೆಗೆ ಹೋಗಾಕೆ ಜನ ಕಾಯ್ತಾವ್ರೆ. ನೀವು ಬೇಡ ಅಂದ್ಬುಡಿ, ದೋಣಿ ಬಿಡಾಕಿಲ್ಲ.”

ಫಾದರ್ ಎಂದಿನಂತೆ ಕೈಯೆತ್ತಿದರು. “ದೇವರು ನಿನ್ನ ಪಾಪಗಳನ್ನೆಲ್ಲ ಕ್ಷಮಿಸಿದ್ದಾರೆ, ಮಗನೇ. ಮೂರು ನಮೋ ಮರಿಯಾ ಹೇಳು.”

“ಬೇಡ ಅನ್ನಿ ಸ್ವಾಮಿ!”

“ಸಮಾಧಾನದಿಂದ ಹೋಗು.”

ಇನ್ನಾಸಪ್ಪನ ಎದೆ ಹಗುರಾಯಿತು. ಪ್ರಾರ್ಥನೆ ಮುಗಿಸಿ ಬಂದು, ಕಾದಿದ್ದವರನ್ನೆಲ್ಲ ಹತ್ತಿಸಿಕೊಂಡ.

ಅವನು ಈಜಿ ದಡ ಸೇರಿದ. ಹದಿನಾಲ್ಕು ಮಂದಿ ಸೇರಲಿಲ್ಲ.