ಎಡಸುತ್ತು

ಹಲಗೆಯ ಮೇಲಿನ ಬಾಣ ಎಡಕ್ಕೆ ತೋರಿಸುತ್ತಿತ್ತು, ಅಪ್ಪನ ಕೈ ಬಲಕ್ಕೆ. ಎರಡನ್ನೂ ಒಟ್ಟಿಗೆ ನೋಡಿದ ಕಾಂತಾ ಗಾಬರಿಯಾಗಿ ಬ್ರೇಕ್ ತುಳಿದಳು. ಕೆಂಪು ಕಾರು ಒಮ್ಮೆ ಮುಗ್ಗರಿಸಿ ನಿಂತುಬಿಟ್ಟಿತು. ಹಿಂದಿನಿಂದ ಬಂದ ಧೂಳು ಅವಳ ಬಾಯಿಯನ್ನೇ ಹುಡುಕಿಕೊಂಡು ಬಂತು.

“ಕ್ಲಚ್ ಒತ್ತಲಾರದ ಬ್ರೇಕ್ ಹಾಕಿದ್ರ ಬಂದ್ ಬೀಳತೈತ್ರಿ ಅಕ್ಕಾರ,” ಎಂದ ಪಕ್ಕದ ಸೀಟಿನಲ್ಲಿದ್ದ ಗನಿ. ಖಾನಾಪುರದಲ್ಲಿ ಗ್ಯಾರೇಜು ಇಟ್ಟಿದ್ದ ಅವನೇ ಅವಳ ಗುರು.

ಕಾರು ಎಂದರೆ ಎರಡೇ ಸೀಟಿನ, ಮೇಲೆ ಮುಚ್ಚಿಗೆಯಿಲ್ಲದ ಹಳೆಯ ಸ್ಪೋರ್ಟ್ಸ್ ಕಾರು. ಪೋರ್ಚುಗೀಸರು ಗೋವಾ ಬಿಟ್ಟ ವರ್ಷ, ಕಾಂತಾಳ ಅಪ್ಪ, ಹಂಚಿನ ಕಾರ್ಖಾನೆಯ ಗುರುಪಾದಪ್ಪ ಅಲ್ಲಿಯ ದೊರೆಯೊಬ್ಬನಿಂದ ಕೊಂಡು ತಂದಿದ್ದ. ಸ್ಟಿಯರಿಂಗ್ ಎಡಕ್ಕಿತ್ತು. ಇಪ್ಪತ್ತು ವರ್ಷ ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿದ್ದ ಅದನ್ನು ಮಗಳು ಹೊರಗೆಳೆದಿದ್ದಳು. ಬರುವ ರವಿವಾರ ಬೆಳಗಾವಿಯ ಕ್ಲಬ್ಬಿನವರ ರೇಸು. ಹೆಸರು ಹಚ್ಚಿದವರಲ್ಲಿ ಕಾಂತಾ ಒಬ್ಬಳೇ ಹೆಣ್ಣು. ಕ್ಲಬ್ಬಿನ ಬಾಳಾಸಾಹೇಬ ಇಂದು ಗಡಿಯಾರ ಹಿಡಿದು ಬಂದಿದ್ದ. ಹೇಳಿದ ಹೊತ್ತಿನೊಳಗೆ, ನಿಲ್ಲದೆ ಹತ್ತು ಸುತ್ತು ಮುಗಿಸಬೇಕು. ಇಲ್ಲವಾದರೆ ರೇಸಿಲ್ಲ.

ಟ್ರ್ಯಾಕು ಇದ್ದದ್ದು ದೇಸೂರಿನಲ್ಲಿ, ಗುರುಪಾದಪ್ಪನದೇ ಹೊಲದಲ್ಲಿ. ಸುಗ್ಗಿ ಮುಗಿದು ಬಯಲಾಗಿದ್ದ ಹೊಲವನ್ನು ಅವನೇ ಖುಷಿಯಿಂದ ಬಿಟ್ಟುಕೊಟ್ಟಿದ್ದ. ಅದರ ನಟ್ಟನಡುವೆ, ಟ್ರ್ಯಾಕು ಬಳಸಿಕೊಂಡು ಹೋಗುವಲ್ಲೇ, ತೀರಿಹೋದ ಅವನ ಹೆಂಡತಿ ಗೌರವ್ವನ ಗದ್ದಿಗೆ, ಕಲ್ಲಿನ ಸಮಾಧಿ, ಇತ್ತು. ಸುತ್ತುವುದೆಂದರೆ ಬಲಕ್ಕೇ ಸುತ್ತುವುದು ಎಂದುಕೊಂಡಿದ್ದ ಅವನು ಯಾವ ಕಡೆಗೆ ಎಂದು ಕೇಳುವ ಗೋಜಿಗೇ ಹೋಗಿರಲಿಲ್ಲ.

“ಅಪ್ಪಾ, ಬಾಣ ಎಡಕ್ಕೈತಿ!” ಕಾಂತಾ ಕೂಗಿದಳು.

“ಬಾಣಕ್ಕೇನು ಗೊತ್ತು? ಗದ್ದಿಗಿ ಯಾರರ ಎಡಕ್ಕ ಸುತ್ತತಾರೇನು? ಬಲಕ್ಕ ತಿರುಗವ್ವಾ.”

ಬಾಳಾಸಾಹೇಬ ತಲೆ ಕೆರೆದುಕೊಂಡ. “ಸಾವಕಾರ್ರ, ಮರಳಚೀಲಾ ಎಲ್ಲಾ ಎಡತಿರುವಿಗೆ ಹೊಂದಿಸೇವ್ರೀ. ಇವ್ರೊಬ್ರು ಉಲ್ಟಾ ಬಂದ್ರ ರವಿವಾರ ಗಾಡಿ ಮಾರಿಗೆ ಮಾರಿ ಬಡೀತಾವು.”

“ಉಳದವ್ರು ಹೆಂಗರ ತಿರಗ್ಲಿ, ಅದು ಅವ್ರ ಕರ್ಮ. ಆಕಿ ಹೆತ್ತ ಮಗಳು ತಿರುಗಬಾರದು.”

ಕಾಂತಾಳಿಗೆ ತಲೆ ಕೆಟ್ಟುಹೋಯಿತು. ಕ್ಲಬ್ಬಿಗೆ ಹೋಗಿ ಹೆಸರು ಹಚ್ಚಿಸಿ ಬಂದವನು ಇದೇ ಅಪ್ಪ. ಬೆಳಿಗ್ಗೆ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟವನೂ ಇವನೇ. ಈಗ ಅಡ್ಡ ನಿಂತವನೂ ಇವನೇ! ಇವನಿಗೆ ನಾನು ಓಡಿಸಬೇಕೋ, ಬೇಡವೋ? ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳುವೂ ಬಂತು.

“ಶುರು ಮಾಡತೀರೇನ್ರಿ, ಇಲ್ಲಾ ಹೆಸರು ತಗೀಲ್ರಿ?” ಬಾಳಾಸಾಹೇಬ ಕೇಳಿದ.

ಗುರುಪಾದಪ್ಪ ಚಪ್ಪಲಿ ಬಿಟ್ಟು ಗದ್ದಿಗೆಯ ಕಡೆ ನಡೆದುಬಿಟ್ಟ. ಮುನಿಸಿಕೊಂಡು ಹೋದನೋ, ಒಪ್ಪಿಕೊಂಡು ಹೋದನೋ, ಕಾಂತಾಳಿಗೆ ತಿಳಿಯಲಿಲ್ಲ. “ಕಣ್ಣು ಬಾಣದ ಮ್ಯಾಲಿರ್ಲಿ ಅಕ್ಕಾರ,” ಎಂದ ಗನಿ. ಅವಳು ಕಾರು ಚಾಲೂ ಮಾಡಿ ಎಡಕ್ಕೆ ತಿರುಗಿಸಿದಳು.

ಮೊದಲ ತಿರುವಿನಲ್ಲಿ ಗೇರು ಕಿರ್ರೆಂದಿತು, ಎರಡನೆಯದರಲ್ಲಿ ಹಿಂದಿನ ಗಾಲಿ ಜಾರಿತು. ಮೂರನೆಯದರ ಹೊತ್ತಿಗೆ ಕಾರು ಮಾತು ಕೇಳತೊಡಗಿತು. ಅವಳು ಕುಳಿತದ್ದು ಎಡಕ್ಕಾದ್ದರಿಂದ ಗದ್ದಿಗೆ ಅವಳ ಬಾಜುವಿಗೇ ಕಾಣುತ್ತಿತ್ತು. ಅಪ್ಪ ಅದನ್ನು ಸುತ್ತುತ್ತಿದ್ದ. ಅದರ ಎದುರಿಗೆ ಬಂದಾಗಲೆಲ್ಲ ಬಗ್ಗಿ ಕಲ್ಲಿಗೆ ಹಣೆ ಹಚ್ಚುತ್ತಿದ್ದ, ಮತ್ತೆ ಸುತ್ತುತ್ತಿದ್ದ. ಮುಂದಿನ ಸುತ್ತಿನಲ್ಲಿ ನೋಡಿದರೂ ಅದೇ.

“ಗನಿ ಕಾಕಾ, ಅಪ್ಪ ಏನ್ ಮಾಡಾಕತ್ತಾನ?”

ಗನಿ ಸೀಟಿನಿಂದ ಅರ್ಧ ಎದ್ದು ನೋಡಿದ. “ಬಲಕ್ಕ ಸುತ್ತಾಕತ್ತಾರ್ರೀ. ನೀವು ಎಡಕ್ಕ ಒಂದು ಸುತ್ತಿದ್ರ ಅವ್ರು ಬಲಕ್ಕ ಒಂದು. ನೀವು ಸುತ್ತಿದ್ದನ್ನ ಅವ್ರು ಬಿಚ್ಚಾಕತ್ತಾರ.”

ಕಾಂತಾಳಿಗೆ ನಗು ಬಂತು. ಮರುಗಳಿಗೆಗೆ ಅಪ್ಪನ ಮೊಳಕಾಲು ನೆನಪಾದವು. ಮನೆಯ ಮೆಟ್ಟಿಲು ಹತ್ತಲೂ ಅವನು ಗೋಡೆ ಹಿಡಿಯಬೇಕು. ಆಗಲೇ ಅಪ್ಪ ಒಂದು ಸುತ್ತು ಹಿಂದೆ ಬಿದ್ದಿದ್ದ, ನೋಡುನೋಡುತ್ತಿದ್ದಂತೆ ಎರಡಾಯಿತು. ಪ್ರತಿ ಸಲ ಹತ್ತಿರ ಬಂದಾಗಲೂ ಅವನ ಬೆನ್ನು ಇನ್ನಷ್ಟು ಬಾಗಿರುತ್ತಿತ್ತು.

“ಮೂರನೇ ಗೇರಿಗೆ ಹಾಕ್ರೀ, ಟೈಮ್ ಸಾಲಂಗಿಲ್ಲ!” ಗನಿ ಅವಸರಪಡಿಸಿದ.

ಗೇರಿನ ಮೇಲಿದ್ದ ಕೈ ಅಲ್ಲೇ ಉಳಿಯಿತು. ಜೋರಾಗಿ ಓಡಿಸಿದರೆ ಅಪ್ಪ ಸತ್ತೇಹೋಗುತ್ತಾನೆ. ಮೆಲ್ಲಗೆ ಓಡಿಸಿದರೆ ರೇಸು ಹೋಗುತ್ತದೆ. ಅವಳಿಗೆ ಎರಡೂ ಬೇಕಿತ್ತು. ಕಾಲು ತಾನಾಗಿಯೇ ಸಡಿಲಾಯಿತು, ಕಾರು ಮೆಲ್ಲಗಾಯಿತು. ಹೊತ್ತು ಮೀರುತ್ತಿದೆ ಎಂದು ಆಚೆಯಿಂದ ಬಾಳಾಸಾಹೇಬ ಸೀಟಿ ಊದಿದ. ಅಷ್ಟರಲ್ಲಿ ಅಪ್ಪ ಒಂದು ಕೈಯಿಂದ ಗದ್ದಿಗೆ ಹಿಡಿದುಕೊಂಡು ಇನ್ನೊಂದು ಕೈ ಮೇಲೆತ್ತಿದ. ನಿಲ್ಲು ಎಂದೋ, ಹೋಗು ಎಂದೋ? ಅವಳು ನಿಲ್ಲಿಸದೆಯೇ ಕಾರನ್ನು ಟ್ರ್ಯಾಕಿನ ಒಳಅಂಚಿಗೆ, ಅವನ ಹತ್ತಿರಕ್ಕೆ ತಂದಳು.

ಹಣೆಯ ವಿಭೂತಿ ಬೆವರಲ್ಲಿ ಕರಗಿ ಅಪ್ಪನ ಗಲ್ಲಕ್ಕಿಳಿದಿತ್ತು. ಮುಖದ ತುಂಬ ಸಿಟ್ಟು.

“ಸಾವಕಾಶ ಯಾಕ ಮಾಡಿದಿ?” ಇಂಜಿನ್ನಿನ ಸದ್ದಿಗಿಂತ ಜೋರಾಗಿ ಕೂಗಿದ ಗುರುಪಾದಪ್ಪ. “ನೀ ಓಡಸವ್ವಾ! ಉಳದ ಸುತ್ತು ನಾ ಕುಂತು ಎದ್ದು ಸಂಜೀತನಕಾ ಸುತ್ತತೇನಿ!”