ತಟ್ಟದ ಕೈ

ಮಗಳು ಹೆಲ್ಮೆಟ್ ಬಿಗಿದುಕೊಂಡು, ಎಂಜಿನ್ ಶುರು ಮಾಡಿ ಕಾಯುತ್ತಿದ್ದಳು. ಪಕ್ಕದಲ್ಲಿ ನಿಂತ ಮೆಕ್ಯಾನಿಕ್ ಕಾರಿನ ಬೆನ್ನಿಗೆ ಎರಡು ಸಲ ತಟ್ಟಬೇಕು, ಅವಳು ಹೊರಡಬೇಕು. ಇಷ್ಟೇ ಕೆಲಸ. ಅವನು ಕೈ ಎತ್ತಿದ. ಮತ್ತೆ ಇಳಿಸಿ ಪ್ಯಾಂಟಿಗೆ ಒರೆಸಿಕೊಂಡ.

ಹಾಗೆ ತಟ್ಟುವುದು ಅವಳ ಅಪ್ಪನ ಪದ್ಧತಿ. ರೇಸ್ ಕಾರು ಕಟ್ಟುತ್ತಿದ್ದ ಆ ಎಂಜಿನಿಯರ್ ತೀರಿಕೊಂಡು ಅಂದಿಗೆ ವರ್ಷ. ಇದ್ದಷ್ಟು ದಿನ, ತಾನು ತಟ್ಟದೆ ತನ್ನ ಕಾರಿನಲ್ಲಿ ಯಾರನ್ನೂ ಹೊರಡಗೊಟ್ಟವನಲ್ಲ. ಎಲ್ಲ ನೋಡಿದ್ದೇನೆ, ಇನ್ನು ನಿನ್ನ ಜೀವ ನನ್ನ ಹೊಣೆ, ಹೋಗು ಎಂದು ಅದರ ಅರ್ಥ. ಈಗ ಅವನ ನೆನಪಿಗಾಗಿ, ಅವನು ಕಟ್ಟಿದ ಕೊನೆಯ ಕಾರು ಟ್ರ್ಯಾಕಿನಲ್ಲಿ ಒಂದು ಸುತ್ತು ಬರಬೇಕಿತ್ತು. ಮೆಕ್ಯಾನಿಕ್ ಅವನ ಹೆಂಡತಿಯ ತಮ್ಮ. ಮೀಸೆ ಮೂಡುವ ಮೊದಲೇ ಭಾವನ ಶೆಡ್ ಸೇರಿ, ಅಲ್ಲೇ ತಲೆ ನರೆಸಿಕೊಂಡವನು. ತಟ್ಟುವ ಕೆಲಸ ಅವನ ಪಾಲಿಗೆ ಬಂದದ್ದು ಸರಿಯಾಗಿಯೇ ಇತ್ತು. ಆದರೆ ಬೆಳಗಿನಿಂದ ಅವನು ಕಾಲು ಸುಟ್ಟ ಬೆಕ್ಕಿನ ಹಾಗೆ ಕಾರನ್ನು ಸುತ್ತುತ್ತಿದ್ದ.

"ಮಾಮ, ತಟ್ಟು! ಎಂಜಿನ್ ಬಿಸಿ ಆಗ್ತಿದೆ."

"ತಡಿಯೇ."

"ಏನು ತಡಿಯೋದು? ಎಲ್ಲಾ ನೋಡಿದ್ಯಲ್ಲ?"

"ನೋಡಿದೀನಿ."

"ಮತ್ತೆ?"

ಮತ್ತೇನು ಎಂದು ಹೇಳುವುದಕ್ಕೆ ಅವನಿಗೇ ನಾಚಿಕೆಯಾಯಿತು. ಮುಂದಿನ ಎಡಚಕ್ರದ ಹಿಂದೆ, ಸ್ಟೀರಿಂಗಿನ ನಟ್ಟು ಕಳಚಿಕೊಳ್ಳದ ಹಾಗೆ ಒಂದು ಸಣ್ಣ ಪಿನ್ನು ಸಿಕ್ಕಿಸುತ್ತಾರೆ. ಸಿಕ್ಕಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅದರ ತುದಿ ಬಗ್ಗಿಸಿದ್ದು, ಬೆರಳಿಗೆ ಚುಚ್ಚಿದ್ದು, ಎಲ್ಲ. ಆದರೆ ಅದು ಅಂದಿನ ನೆನಪೋ, ಹಿಂದೆಂದಿನದೋ? ಜೀವಮಾನವೆಲ್ಲ ಅದೇ ಪಿನ್ನು ಹಾಕಿದವನಿಗೆ ಒಂದು ದಿನ ಇನ್ನೊಂದರ ಜೊತೆ ಕಲಸಿಹೋಗಿತ್ತು. ಬಸ್ಸು ಹತ್ತಿದ ಮೇಲೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಒದ್ದಾಡುವವರಿಗೆ ಈ ಸಂಕಟ ಗೊತ್ತು. ನೋಡೋಣವೆಂದರೆ ಕಾರಿನ ಮುಂಭಾಗವನ್ನೆಲ್ಲ ಬಿಚ್ಚಬೇಕು.

ಅತ್ತ ಮೈಕಿನಲ್ಲಿ ಮೋಟಾರು ಕ್ಲಬ್ಬಿನ ಅಧ್ಯಕ್ಷರು ಭಾವನನ್ನು ಹೊಗಳುತ್ತ, "ಭಯ ಎಂದರೆ ಏನೆಂದೇ ಅರಿಯದ ಧೀರ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಬೇರೆ ದಿನವಾಗಿದ್ದರೆ ಮೆಕ್ಯಾನಿಕ್ ಬಿದ್ದು ಬಿದ್ದು ನಗುತ್ತಿದ್ದ. ಭಾವನಂಥ ಪುಕ್ಕಲನನ್ನು ಅವನು ಕಂಡೇ ಇರಲಿಲ್ಲ. ರೇಸಿನ ದಿನ ಭಾವನ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಓಡಿದ್ದೇ ಓಡಿದ್ದು. ಇನ್ನೇನು ಹೊರಡಬೇಕೆಂದು ಸಾಲಿನಲ್ಲಿ ನಿಂತ ಕಾರನ್ನು ‘ಯಾಕೋ ಸರಿಯಿಲ್ಲ’ ಎಂದು ವಾಪಸ್ಸು ತಳ್ಳಿಸಿಕೊಂಡು ಬಂದು, ಬಿಚ್ಚಿ, ಏನೂ ಸಿಗದೆ, ಎಲ್ಲರ ಹತ್ತಿರ ಉಗಿಸಿಕೊಳ್ಳುತ್ತಿದ್ದ. ಕೈಗೆ ಬಂದ ಎಷ್ಟೋ ಟ್ರೋಫಿಗಳು ಹೀಗೇ ಬಾಯಿಗೆ ಬರದೆ ಹೋಗಿದ್ದವು. ಬೆನ್ನ ಹಿಂದೆ ಆಡಿಕೊಂಡವರಲ್ಲಿ ಮೆಕ್ಯಾನಿಕ್ಕೂ ಒಬ್ಬ.

ಕಾರು ಹೊರಡದಿದ್ದುದನ್ನು ಕಂಡು ಅಧ್ಯಕ್ಷರು ಮೈಕು ಬಿಟ್ಟು ದಡಬಡ ಇಳಿದು ಬಂದರು.

"ಏನ್ರೀ ಇದು? ಜನ ಕಾಯ್ತಿದಾರೆ. ಇದೇನು ರೇಸೇ? ಒಂದು ಸುತ್ತು. ಮೆರವಣಿಗೆ ಥರ ನಿಧಾನಕ್ಕೆ ಹೋಗಿ ಬರೋದು."

"ಇವಳು ನಿಧಾನಕ್ಕೆ ಹೋಗೋಳಲ್ಲ ಸರ್."

"ಮಾಮ, ನೀನು ತಟ್ಟದಿದ್ರೂ ನಾನು ಹೋಗ್ತೀನಿ," ಎಂದು ಮಗಳು ಎಂಜಿನ್ ಒಮ್ಮೆ ಗರ್ಜಿಸುವಂತೆ ಮಾಡಿದಳು.

ಈ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಟ್ರ್ಯಾಕು ಸುತ್ತಿದವನು ಅವನು. ಇನ್ನೊಂದು ಗಳಿಗೆ ಯೋಚಿಸಿದ್ದರೆ ತಟ್ಟಿಬಿಡುತ್ತಿದ್ದನೋ ಏನೋ. ಬಗ್ಗಿ, ಕಾರಿನ ಹೊರಮೈಯಲ್ಲಿದ್ದ ಕೆಂಪು ಸ್ವಿಚ್ಚನ್ನು ತಿರುಗಿಸಿದ. ಎಂಜಿನ್ ಆರಿತು.

"ಒಳಗೆ ತಳ್ರೋ," ಎಂದ, ಹುಡುಗರ ಕಡೆ ತಿರುಗಿ.

"ಅವರ ನೆನಪಿನ ದಿನಾನೇ ಅವರ ಮಾನ ಕಳೀತಿದೀರಲ್ರೀ!" ಎಂದು ಅಧ್ಯಕ್ಷರು ಮುಖ ಸಿಂಡರಿಸಿಕೊಂಡು ಹೊರಟುಹೋದರು.

ಶೆಡ್ಡಿನಲ್ಲಿ ಬಿಚ್ಚಿದರು. ಪಿನ್ನು ಇತ್ತು. ಇರಬೇಕಾದ ಜಾಗದಲ್ಲಿ, ಬಗ್ಗಿಸಬೇಕಾದ ಹಾಗೆ ಬಗ್ಗಿಕೊಂಡು, ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ಮೆಕ್ಯಾನಿಕ್ ಅಲ್ಲೇ ಒಂದು ಟೈರಿನ ಮೇಲೆ ಕುಸಿದು ಕೂತ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದ.

"ಇತ್ತಲ್ಲ! ಇದ್ದೇ ಇತ್ತಲ್ಲ ಮಾಮ!" ಮಗಳು ಗ್ಲೌಸು ಕಿತ್ತು ನೆಲಕ್ಕೆ ಬಡಿದಳು. "ಒಂದೇ ಒಂದು ಸುತ್ತು ಕೇಳಿದ್ದೆ. ಅಪ್ಪನ ಹೆಸರಲ್ಲಿ. ಅಷ್ಟೂ ಜನರ ಮುಂದೆ ಅಪ್ಪನ ಕಾರು ಕೆಟ್ಟು ನಿಂತ ಹಾಗಾಯ್ತು." ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು.

ಅಷ್ಟರಲ್ಲಿ ಅವಳ ತಾಯಿ ಒಳಗೆ ಬಂದರು. ಬಗ್ಗಿ ಪಿನ್ನು ನೋಡಿದರು, ತಮ್ಮನ ಮುಖ ನೋಡಿದರು. ಅವರ ಹಿಂದೆಯೇ, ಏನಾಯಿತೆಂದು ವಿಚಾರಿಸಲು, ಅವರ ಗಂಡನ ಕಾರುಗಳನ್ನು ಹಿಂದೆಲ್ಲ ರೇಸಿನಲ್ಲಿ ಓಡಿಸುತ್ತಿದ್ದ ಡ್ರೈವರುಗಳು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಒಬ್ಬರಿಗೆ ಬೊಕ್ಕತಲೆ, ಒಬ್ಬರಿಗೆ ಅಂಗಿಯ ಗುಂಡಿ ನಿಲ್ಲದಷ್ಟು ಹೊಟ್ಟೆ, ಇನ್ನೊಬ್ಬರು ಮಂಡಿನೋವೆಂದು ಗೋಡೆ ಹಿಡಿದು ನಡೆಯುತ್ತಿದ್ದರು.

"ಏನೂ ಸಿಗಲಿಲ್ವಾ?" ಬೊಕ್ಕತಲೆಯವರು ನಕ್ಕರು. "ನಮಗೂ ಹೀಗೇ ಮಾಡ್ತಿದ್ರು ಕಣಮ್ಮ ನಿಮ್ಮಪ್ಪ. ಬೈದೂ ಬೈದೂ ಬಾಯಿ ನೋಯ್ತಿತ್ತು ನಂಗೆ."

ತಾಯಿ ಮಗಳ ಗಲ್ಲ ಹಿಡಿದು ಬಾಗಿಲ ಕಡೆ ತಿರುಗಿಸಿದರು.

"ಅಳೋದು ಆಮೇಲೆ ಅಳುವಂತೆ. ಮೊದಲು ಇವರನ್ನ ನೋಡು. ನಿಮ್ಮಪ್ಪನ ಕಾರು ಓಡಿಸಿದವರೆಲ್ಲಾ ಇಲ್ಲೇ ಇದಾರೆ. ಒಬ್ಬರೂ ಕಮ್ಮಿಯಿಲ್ಲ. ಎಲ್ಲಾರೂ ಮುದುಕರಾಗಿದಾರೆ."